ರೂಪಸಿರಿಯ ಗೋಡೆಯ ಮೇಲಿಲ್ಲದವರು

ನನಗೆ ಅನುಮಾನ ಜಾಸ್ತಿ ಎಂದು ಕೊಟ್ಟೂರಿನ ಅರ್ಧ ಮಂದಿ ನನ್ನೆದುರಿಗೇ ಹೇಳುತ್ತಾರೆ. ಉಳಿದರ್ಧ ಮಂದಿ ಬೆನ್ನ ಹಿಂದೆ ಹೇಳುತ್ತಾರೆ. ಹೇಳಲಿ. ಇಪ್ಪತ್ತಾರು ವರ್ಷ ಮಾರ್ಕೆಟ್ ಯಾರ್ಡಿನಲ್ಲಿ ತೂಕದವನಾಗಿ ದುಡಿದವನು ಅನುಮಾನ ಪಡದೆ ಇನ್ನೇನು ಪಡಬೇಕು? ಚೀಲದ ಬಾಯಲ್ಲಿ ಕಣ್ಣಿಗೆ ಹಬ್ಬವಾಗುವಂಥ ಶೇಂಗಾ ಇರುತ್ತದೆ. ಮೊಣಕೈ ತನಕ ಕೈ ಇಳಿಸಿದರೆ ಜೊಳ್ಳು ಸಿಗುತ್ತದೆ, ಇನ್ನೂ ಇಳಿಸಿದರೆ ಮಣ್ಣಿನ ಹೆಂಟೆ. ಹಾಗಂತ ತಂದ ರೈತ ಕಳ್ಳನೇ ಆಗಿರಬೇಕೆಂದಿಲ್ಲ, ಖರೀದಿಗೆ ಬಂದ ಸಾಹುಕಾರ ಸಾಚಾ ಅಂತಲೂ ಅಲ್ಲ. ಬುಡಕ್ಕೆ ಕೈ ಹಾಕದೆ ಯಾವ ಚೀಲವನ್ನೂ ಕಾಟಾಕ್ಕೆ ಏರಿಸಬಾರದು, ಅಷ್ಟೇ ನನ್ನ ವಾದ.

ಎರಡು ಸಾವಿರದ ಮೂರನೇ ಇಸವಿಯ ಬೇಸಿಗೆಯಲ್ಲಿ ನನ್ನ ಮಗಳು ಗಂಗಾಂಬಿಕಾ ಒಂದು ಗುಲಾಬಿ ಬಣ್ಣದ ಕರಪತ್ರ ಹಿಡಿದು ನನ್ನ ಮುಂದೆ ಬಂದು ನಿಂತಳು. ಆಗ ಅವಳಿಗೆ ಇಪ್ಪತ್ತು. ಪಿಯುಸಿ ಮುಗಿಸಿ ಎರಡು ವರ್ಷ ಮನೆಯಲ್ಲಿದ್ದಳು. ಓಣಿಯ ಹೆಣ್ಣುಮಕ್ಕಳೆಲ್ಲ ಹಬ್ಬದ ಹಿಂದಿನ ದಿನ ನಮ್ಮ ಮನೆಗೆ ಬಂದು ಅವಳ ಕೈಯಲ್ಲಿ ಹುಬ್ಬು ತೀಡಿಸಿಕೊಂಡು ಹೋಗುತ್ತಿದ್ದರು. ಹೊಲಿಗೆ ದಾರ ಹಲ್ಲಲ್ಲಿ ಕಚ್ಚಿ ಹಿಡಿದು ಸರಸರನೆ ಎಳೆಯುತ್ತಿದ್ದಳು. ಯಾರಿಂದ ಕಲಿತಳೋ ನನಗೆ ಗೊತ್ತಿಲ್ಲ.

"ಅಪ್ಪಾ, ಒಂದು ಮಾತು ಹೇಳ್ತೀನಿ. ಸಿಟ್ಟಾಗಬ್ಯಾಡ."

"ಸಿಟ್ಟಾಗೋ ಮಾತಾದ್ರ ಆಗೇ ಆಗ್ತೀನಿ. ಹೇಳು."

ಹರಪನಹಳ್ಳಿಯಲ್ಲಿ ‘ರೂಪಸಿರಿ ಮಹಿಳಾ ಸೌಂದರ್ಯ ತರಬೇತಿ ಕೇಂದ್ರ’ ಅಂತ ಒಂದಿದೆಯಂತೆ. ಆರು ತಿಂಗಳ ಬ್ಯೂಟಿಷಿಯನ್ ಕೋರ್ಸು. ಸಾಮಾನಿನ ಪೆಟ್ಟಿಗೆಯೂ ಸೇರಿ ಮೂವತ್ತೆರಡು ಸಾವಿರ. ಹದಿನೈದು ಸಾವಿರ ಮೊದಲೇ ಕಟ್ಟಬೇಕು. ಉಳಿದ ಹದಿನೇಳಕ್ಕೆ ಅವರೇ ಫೈನಾನ್ಸಿನವರಿಂದ ಸಾಲ ಕೊಡಿಸುತ್ತಾರೆ. ಕಲಿತ ಮೇಲೆ ತಿಂಗಳಿಗೆ ಎಂಟು ಸಾವಿರ ದುಡಿಮೆ ಎಂದು ಕರಪತ್ರದಲ್ಲಿ ದಪ್ಪ ಅಕ್ಷರದಲ್ಲಿ ಹಾಕಿದ್ದರು. ಸುಗ್ಗಿಯಲ್ಲಿ ಹಗಲೆಲ್ಲ ಚೀಲದ ಧೂಳು ಕುಡಿದು ನಾನು ದುಡಿಯುತ್ತಿದ್ದುದೇ ಮೂರು ಸಾವಿರ.

"ಹದಿನೈದು ಸಾವಿರ ಎಲ್ಲಿಂದ ತರ್ತಿ?" ಎಂದೆ.

ಅವಳು ಒಳಗಿನ ಟ್ರಂಕಿನ ಕಡೆ ನೋಡಿದಳು. ಅವಳ ತಾಯಿ ತೀರಿಕೊಂಡು ಆರು ವರ್ಷವಾಗಿತ್ತು. ನಾಲ್ಕು ಬಂಗಾರದ ಬಳೆ, ಒಂದು ಎರಡೆಳೆ ಸರ ಆ ಟ್ರಂಕಿನಲ್ಲಿದ್ದವು. ಎಲ್ಲಾ ಸೇರಿ ನಾಲ್ಕು ತೊಲ. ಆಸ್ಪತ್ರೆಗೆ ಅಲೆಯುವಾಗಲೂ ಅದನ್ನು ಮುಟ್ಟಬೇಡಿ, ಮಗಳದ್ದು ಅದು ಎಂದು ಹೇಳಿ ಹೋದವಳು ಅವಳು. ನಾನೂ ಮುಟ್ಟಿರಲಿಲ್ಲ.

"ಮಾರಾದಲ್ಲಪ್ಪ. ಒತ್ತಿ ಇಡಾದು. ಎಂಟು ಸಾವಿರ ಬ್ಯಾಡ, ನಾಕು ಬಂದ್ರೂ ಎರಡು ವರ್ಷದಾಗ ಬಿಡಿಸ್ಕೊಂತೀನಿ."

"ಕೂಸು ಹುಟ್ಟಾಕ ಮುಂಚೆ ಕುಲಾವಿ ಹೊಲಿಸಿದ್ರಂತ. ಆ ನಾಕು ಸಾವಿರ ಬರಲಿಲ್ಲಂದ್ರ?"

"ಯಾಕ ಬರಂಗಿಲ್ಲ?"

ಅದೇ ನನಗೂ ಗೊತ್ತಾಗಬೇಕಿತ್ತು. ಬೇಡ ಅಂದುಬಿಟ್ಟರೆ ಮಗಳ ಮುಖ ನೋಡಲಾಗುವುದಿಲ್ಲ. ಹೂಂ ಅಂದು ಬಂಗಾರ ಮುಳುಗಿದರೆ ಸತ್ತವಳ ಮುಖ ನೆನೆಯಲಾಗುವುದಿಲ್ಲ. ಮೊದಲು ನೋಡಿ ಬರೋಣ ನಡಿ ಎಂದೆ.

ರೂಪಸಿರಿ ಇದ್ದದ್ದು ಹರಪನಹಳ್ಳಿ ಬಸ್‌ಸ್ಟ್ಯಾಂಡಿನಿಂದ ಸ್ವಲ್ಪ ದೂರ, ಒಂದು ಗೊಬ್ಬರದಂಗಡಿಯ ಮಹಡಿಯ ಮೇಲೆ. ಮೆಟ್ಟಿಲು ಹತ್ತುವಾಗ ಯೂರಿಯಾ ವಾಸನೆ, ಹತ್ತಿದ ಮೇಲೆ ಪೌಡರಿನ ವಾಸನೆ. ಪುಷ್ಪಲತಾ ಮೇಡಂ ಎಂಬ ನಲವತ್ತರ ಹೆಂಗಸು ಎದ್ದು ನಿಂತು ಕೈಮುಗಿದರು. ಇಷ್ಟು ವಿನಯ ಯಾಕೆ ಎಂದು ಅಲ್ಲೇ ಒಂದು ಅನುಮಾನ ಬಂತು. ನಮ್ಮ ಯಾರ್ಡಿನಲ್ಲಿ ಚಹಾ ಕುಡಿಸಿ ಮಾತಾಡಿಸುವ ದಲಾಲನನ್ನು ಯಾರೂ ನಂಬುವುದಿಲ್ಲ. ಅಷ್ಟರಲ್ಲಿ ಚಹಾ ಕೂಡ ಬಂತು.

ಗೋಡೆಯ ಮೇಲೆ ನಾಲ್ಕು ಹುಡುಗಿಯರ ದೊಡ್ಡ ಫೋಟೋಗಳಿದ್ದವು. ಪ್ರತಿ ಫೋಟೋದ ಕೆಳಗೆ ಹೆಸರು, ಊರು, ತಿಂಗಳ ದುಡಿಮೆ. ಏಳು ಸಾವಿರ, ಎಂಟು ಸಾವಿರ, ಒಬ್ಬಳಿಗೆ ಹತ್ತು ಸಾವಿರ.

"ಎಷ್ಟು ಮಂದಿ ಕಲ್ತು ಹೋಗ್ಯಾರ್ರಿ ಇಲ್ಲಿ ತನಕ?" ಎಂದು ಕೇಳಿದೆ.

"ಮೂರು ವರ್ಷದಲ್ಲಿ ನೂರರ ಹತ್ತಿರ ಆಯ್ತು ನೋಡಿ ಸರ್."

"ಗೋಡಿ ಮ್ಯಾಲ ನಾಕೇ ಮಂದಿ ಅದಾರಲ್ರಿ."

"ಜಾಗ ಸಾಲಲ್ಲ ಸರ್," ಎಂದು ಮೇಡಂ ನಕ್ಕರು. ಗಂಗಾಂಬಿಕಾ ನನ್ನ ಅಂಗಿಯ ತೋಳು ಎಳೆದಳು.

ಎಂಟು ಸಾವಿರದ ಲೆಕ್ಕ ಹೇಗೆ ಎಂದು ಕೇಳಿದೆ. ಮೇಡಂ ಹಾಳೆ ತೆಗೆದು ಬರೆದು ತೋರಿಸಿದರು. ದಿನಕ್ಕೆ ಎಂಟು ಐಬ್ರೋ, ಒಂದಕ್ಕೆ ಹದಿನೈದು ರೂಪಾಯಿ. ವಾರಕ್ಕೆ ಮೂರು ಫೇಶಿಯಲ್. ತಿಂಗಳಿಗೆ ಎರಡು ಮದುಮಗಳು, ಒಬ್ಬಳಿಗೆ ಸಾವಿರದ ಐನೂರು. ಕೂಡಿಸಿದರೆ ಎಂಟಕ್ಕಿಂತ ಹತ್ತಿಪ್ಪತ್ತು ಹೆಚ್ಚೇ ಬಂತು.

"ಆಷಾಢದಾಗ ಮದುಮಗಳು ಎಲ್ಲಿ ಸಿಗ್ತಾಳ್ರಿ?"

"ಅದು ಸರಾಸರಿ ಸರ್."

ಸರಾಸರಿ ಎಂಬ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ಮೂಲೆಯಲ್ಲಿ ಫೈನಾನ್ಸಿನವನೊಬ್ಬ ಕೂತಿದ್ದ. ಹದಿನೇಳು ಸಾವಿರಕ್ಕೆ ತಿಂಗಳಿಗೆ ಸಾವಿರದ ನೂರೈವತ್ತರಂತೆ ಇಪ್ಪತ್ತು ಕಂತು ಎಂದ. ಅಂದರೆ ಇಪ್ಪತ್ತಮೂರು ಸಾವಿರ. ಒತ್ತೆಯಿಟ್ಟ ಬಂಗಾರದ ಬಡ್ಡಿ ಬೇರೆ. ಒಂದು ಬಾಂಡ್ ಪೇಪರ್ ನನ್ನ ಮುಂದೆ ಸರಿಸಿ, ಸಹಿ ಈಗಲೇ ಹಾಕಿದರೆ ಸೀಟು ಗಟ್ಟಿ ಎಂದ. ಪೇಪರಿನ ಮೇಲೆ ಸ್ಟಾಂಪು ಬಿಟ್ಟರೆ ಒಂದಕ್ಷರ ಇರಲಿಲ್ಲ.

"ಬರಿದಾಗಿರೋದಕ್ಕ ಸಹಿ ಮಾಡಿ ನನಗ ರೂಢಿ ಇಲ್ರಿ," ಎಂದು ಎದ್ದೆ. ಗಂಗಾಂಬಿಕಾ ಮುಖ ಸಣ್ಣದು ಮಾಡಿಕೊಂಡಳು. ಆದರೆ ಬರುವಾಗ ಒಳಗಿನ ಕೋಣೆಯಲ್ಲಿ ಹುಡುಗಿಯರು ಒಬ್ಬರಿಗೊಬ್ಬರು ತಲೆ ಬಾಚುತ್ತಿದ್ದುದನ್ನು ಬಾಗಿಲಲ್ಲಿ ನಿಂತು ಬಹಳ ಹೊತ್ತು ನೋಡಿದಳು. ನಾನೂ ಅವಳನ್ನು ನೋಡಿದೆ.

ಕೆಳಗೆ ಮೆಟ್ಟಿಲು ಗುಡಿಸುತ್ತಿದ್ದ ದ್ಯಾಮಕ್ಕ ಎಂಬಾಕೆಯನ್ನು ಮಾತಾಡಿಸಿದೆ. ಮೂರು ವರ್ಷದಿಂದ ಅಲ್ಲೇ ಕಸ ಹೊಡೆಯುತ್ತಿದ್ದವಳು. ಎಲೆ ಅಡಿಕೆ ಕೊಟ್ಟು, ಮೊದಲ ವರ್ಷ ಕಲಿತ ಹುಡುಗಿಯರು ಯಾವ್ಯಾವ ಊರಿನವರು ಎಂದು ಕೇಳಿದೆ. ಹೆಸರು ಒಂದೊಂದಾಗಿ ಬಂದವು. ಗೋಡೆಯ ಮೇಲಿದ್ದ ಒಬ್ಬಳು, ಇಲ್ಲದ ಇಬ್ಬರು, ಒಟ್ಟು ಮೂವರ ಊರು ಬರೆದುಕೊಂಡೆ.

"ಹೆಣ್ಣು ನೋಡಾಕ ಹೊಂಟಿರೇನು?" ಎಂದು ದ್ಯಾಮಕ್ಕ ಕೇಳಿದಳು.

"ಹೌದು, ಸಾಲದ ಹೆಣ್ಣು," ಎಂದೆ.

ಮರುವಾರ ಯಾರ್ಡಿಗೆ ರಜೆ ಹಾಕಿ ಹಗರಿಬೊಮ್ಮನಹಳ್ಳಿಗೆ ಹೋದೆ. ಗೋಡೆಯ ಮೇಲೆ ಹತ್ತು ಸಾವಿರ ದುಡಿಯುತ್ತಿದ್ದ ಹುಡುಗಿಯ ಹೆಸರು ಗಾಯತ್ರಿ ಅಂತಿತ್ತು. ಊರಲ್ಲಿ ಕೇಳಿದರೆ, ಯಾರು, ಗಾದೆಮ್ಮನೇನು ಎಂದರು. ಪಾರ್ಲರ್ ಏನೋ ಇತ್ತು, ಕನ್ನಡಿ, ಕುರ್ಚಿ, ಪರದೆ ಎಲ್ಲಾ ಇದ್ದವು. ನಾನು ಕೂತ ಒಂದೂವರೆ ತಾಸಿನಲ್ಲಿ ಬಂದದ್ದು ಒಬ್ಬಳೇ ಗಿರಾಕಿ, ಅವಳೂ ಉದ್ರಿ. ಮಗಳನ್ನು ಸೇರಿಸಬೇಕೆಂದಿದ್ದೇನೆ ಎಂದ ಕೂಡಲೇ ಗಾದೆಮ್ಮ ಚುರುಕಾದಳು.

"ನನ್ನ ಹೆಸರು ಹೇಳಿ ಸೇರಿಸ್ರಿ ಕಾಕಾ. ಮರೀಬ್ಯಾಡ್ರಿ ಮತ್ತ."

"ನಿನ್ನ ಹೆಸರು ಹೇಳಿದ್ರ ಏನಾಗತೈತವ್ವ?"

ಸ್ವಲ್ಪ ಹೊತ್ತು ಸುತ್ತಿ ಬಳಸಿ, ಕೊನೆಗೆ ಬಾಯಿ ಬಿಟ್ಟಳು. ಒಬ್ಬರನ್ನು ಸೇರಿಸಿದರೆ ಮೇಡಂ ಒಂದು ಸಾವಿರ ಕೊಡುತ್ತಾರೆ. ಹತ್ತು ಸಾವಿರ ಬಂದದ್ದು ನಿಜ, ಒಂದೇ ಒಂದು ತಿಂಗಳು, ಹೊಸ ಬ್ಯಾಚು ಶುರುವಾದಾಗ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಮಾತು ಸುಳ್ಳಾಗಲಿಲ್ಲ ನೋಡಿ. ವಾಪಸ್ ಬಸ್ಸಿನಲ್ಲಿ ನನಗೆ ಖುಷಿಯೇ ಆಯಿತು. ಮಗಳ ಆಸೆ ಮುರಿಯುವ ಸುದ್ದಿಗೆ ಖುಷಿ ಪಡುತ್ತಿದ್ದೇನಲ್ಲ ಎಂದು ಆಮೇಲೆ ಬೇಜಾರೂ ಆಯಿತು.

ಉಚ್ಚಂಗಿದುರ್ಗದ ಭರಮಮ್ಮ ಮದುವೆಯಾಗಿ ಅಲ್ಲೇ ಇದ್ದಳು. ಅವಳನ್ನು ಮಾತಾಡಿಸಲು ಅತ್ತೆ ಬಿಡಲಿಲ್ಲ. "ಕಂಡೋರ ಹುಬ್ಬು ಕೀಳ್ಲಿ ಅಂತ ಸೊಸಿ ತಂದಿಲ್ರಿ ನಾವು," ಎಂದಳು. ಸಾಮಾನಿನ ಪೆಟ್ಟಿಗೆ ಅಟ್ಟದ ಮೇಲಿತ್ತು. ಸಾಲದ ಕಂತು ಮಾತ್ರ ಅವಳ ಅಪ್ಪ ಇನ್ನೂ ಕಟ್ಟುತ್ತಿದ್ದನಂತೆ. ಬಾಗಿಲ ಸಂದಿಯಲ್ಲಿ ಭರಮಮ್ಮ ನಿಂತಿದ್ದಳು. ಹುಬ್ಬು ಮಾತ್ರ ಕೊರೆದಿಟ್ಟ ಹಾಗಿತ್ತು.

ಮೂರನೆಯವಳು ಹೊಳಲಿನ ಲಕ್ಷ್ಮಿದೇವಿ. ಅವಳ ಮನೆ ಅನಂತಶಯನ ಗುಡಿಯ ಹಿಂದಿನ ಓಣಿಯಲ್ಲಿತ್ತು. ಮುಂದಿನ ಪಡಸಾಲೆಯಲ್ಲೇ ಒಂದು ಕುರ್ಚಿ, ಮೊಳದುದ್ದದ ಕನ್ನಡಿ, ಗೋಡೆಗೆ ಕಟ್ಟು ಹಾಕಿಸಿದ ಸರ್ಟಿಫಿಕೇಟು. ಇಪ್ಪತ್ತಾರು ಇಪ್ಪತ್ತೇಳರ ಹೆಣ್ಣುಮಗಳು. ನನ್ನನ್ನು ನೋಡಿದ ಕೂಡಲೇ ಕನ್ನಡಿ ಒರೆಸುತ್ತಿದ್ದ ಅವಳ ಕೈ ಅರೆಗಳಿಗೆ ನಿಂತಿತು. ಆಮೇಲೆ ಚೊಂಬಿನಲ್ಲಿ ನೀರು ತಂದಿಟ್ಟು, ಕೂಡ್ರಿ ಎಂದಳು. ಯಾರು, ಏನು ಎಂದು ಕೇಳಲಿಲ್ಲ. ಮೇಡಂ ಆಗಲೇ ಫೋನು ಮಾಡಿ ಇವಳಿಗೆ ಪಾಠ ಹೇಳಿಕೊಟ್ಟಿರಬೇಕು ಎಂದುಕೊಂಡೆ.

"ನನ್ನ ಮಗಳನ್ನ ರೂಪಸಿರಿಗೆ ಸೇರಿಸಬೇಕಂತ ಅದೀನಿ. ನಿನಗ ದುಡಿಮಿ ಎಷ್ಟೈತಿ, ಖರೆ ಹೇಳವ್ವ."

ಅವಳು ನನ್ನನ್ನೇ ನೋಡಿದಳು. "ಖರೇನ ಹೇಳ್ಲಾ?"

"ಅದಕ್ಕ ಬಂದೀನಿ."

ಹೇಳಿದಳು. ಫೀಸು ಆಗ ಇಪ್ಪತ್ತನಾಲ್ಕು ಸಾವಿರ. ಅವ್ವ ಎಮ್ಮೆ ಮಾರಿ ಎಂಟು ಕೊಟ್ಟಳು, ಉಳಿದದ್ದು ಫೈನಾನ್ಸು. ಐಬ್ರೋಗೆ ಹೊಳಲಿನಲ್ಲಿ ಹದಿನೈದು ಯಾರೂ ಕೊಡುವುದಿಲ್ಲ, ಎಂಟು ರೂಪಾಯಿ. ದಿನಕ್ಕೆ ಎರಡು ಬಂದರೆ ಪುಣ್ಯ. ಫೇಶಿಯಲ್ ತಿಂಗಳಿಗೆ ಒಂದೋ ಎರಡೋ. ಒಟ್ಟು ಏಳುನೂರು, ಎಂಟುನೂರು. ಕಂತು ಇದ್ದದ್ದು ಒಂಬೈನೂರು. ಅಣ್ಣ ಹುಲುಗೇಶ ಗಾರೆ ಕೆಲಸಕ್ಕೆ ಹೋಗಿ ಕೊರತೆ ತುಂಬಿದ. ಕೊನೆಯ ಕಂತು ಕಟ್ಟಿ ನಾಲ್ಕು ತಿಂಗಳಾಯಿತು.

ಒಂದೊಂದು ಅಂಕಿಯನ್ನೂ ಅಳೆದು ಹೇಳಿದಳು. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಇಂಥ ಸಾಕ್ಷಿ ಸಿಕ್ಕಿತಲ್ಲ ಎಂದು ನಾನು ಹಿಗ್ಗಿದೆ.

"ಅಂದ್ರ ಸ್ಕೂಲು ಮೋಸ ಅಂದಂಗಾತು," ಎಂದೆ.

"ಕಲಿಸಿದ್ದು ಮೋಸ ಅಲ್ರಿ. ಕೈ ಕೆಲಸ ಚೊಲೋ ಬಂತು. ಮೇಡಂ ಸಂಜೀತನಕ ನಿಂತು ಕಲಿಸಿದ್ರು, ಸುಳ್ಳು ಹೇಳಬಾರದು."

"ಮತ್ತ ತಿಂಗಳಿಗೆ ಎರಡು ಮದುಮಗಳು, ಸಾವಿರದ ಐನೂರು ಅಂತ ಬರದು ತೋರಿಸಿದ್ಲಲ್ಲ? ಮದುವಿ ಸಿಗಂಗಿಲ್ಲೇನು?"

"ಸಿಗ್ತಾವು. ಹೋದ ವರ್ಷ ಹದಿನಾಕು ಮದುವಿ ಮಾಡೀನಿ."

"ಹದಿನಾಕು? ಹಂಗಾರ ಇಪ್ಪತ್ತು ಸಾವಿರದ ಮ್ಯಾಲ ಬರಬೇಕಲ್ಲವ್ವ."

ಲಕ್ಷ್ಮಿದೇವಿ ಎದ್ದು ಒಳಗೆ ಹೋಗಿ ಒಂದು ನೋಟ್‌ಬುಕ್ ತಂದಳು. "ಹದಿನಾಕರಾಗ ರೊಕ್ಕ ಕೊಟ್ಟೋರು ಐದು ಮಂದಿ, ಅದು ಎಲ್ಲಾ ಮದುವಿ ಸಾಮಾನಿನ ಖರ್ಚಿಗೇ ಹೋತು. ಉಳಿದೋರು ಉಡಿ ತುಂಬಿದ್ರು."

ಉಡಿ ತುಂಬುವುದು ನಮ್ಮ ಕಡೆ ಏನು ಎಂದು ಹೇಳಬೇಕಾಗಿಲ್ಲ. ಮನೆಗೆ ಬಂದ ಹೆಣ್ಣುಮಗಳ ಸೆರಗಿಗೆ ಅಕ್ಕಿ, ಕೊಬ್ಬರಿ, ಎಲೆ ಅಡಿಕೆ, ಒಂದು ಜಂಪರ್ ಪೀಸು, ಮೇಲೆ ಹನ್ನೊಂದೋ ಐವತ್ತೊಂದೋ ಇಟ್ಟು ಕಳಿಸುವುದು. ಗೌರವದ ಮಾತು ಅದು. ಮದುಮಗಳಿಗೆ ಅರಿಶಿಣ ಹಚ್ಚಿದವಳಿಗೆ, ದಂಡೆ ಕಟ್ಟಿದವಳಿಗೆ ಕೂಲಿ ಎಂದು ಯಾರೂ ಕೊಡುವುದಿಲ್ಲ, ಅವಳೂ ಕೇಳುವುದಿಲ್ಲ. ಮಂಗಳದ ಕೆಲಸಕ್ಕೆ ರೇಟು ಕಟ್ಟಬಾರದು ಎಂಬ ರೂಢಿ.

"ನೀನು ಮೊದಲ ರೇಟು ಹೇಳ್ಬೇಕವ್ವ," ಎಂದೆ.

"ಸ್ಕೂಲಿನಾಗ ಎಲ್ಲಾ ಕಲಿಸಿದ್ರು, ಮದುವಿ ಮನ್ಯಾಗ ನಿಂತು ರೇಟು ಹೇಳಾದು ಕಲಿಸಲಿಲ್ಲ. ಎಷ್ಟವ್ವ ಅಂತ ಕೇಳಿದ್ರ, ತಿಳಿದು ಕೊಡ್ರಿ ಅಂತಿದ್ದೆ. ತಿಳಿದೋರು ಯಾರೂ ಇದ್ದಿಲ್ಲ."

ನಾನು ನಕ್ಕೆ. ಅವಳು ನಗಲಿಲ್ಲ. ನೋಟ್‌ಬುಕ್ಕಿನ ಮೊದಲ ಹಾಳೆ ತಿರುವಿದಳು.

"ಒಂದು ಮದುವಿ ಲೆಕ್ಕ ಹೇಳ್ತೀನಿ ಕೇಳ್ರಿ. ಎರಡು ವರ್ಷದ ಹಿಂದ, ಹಡಗಲಿ ಕಲ್ಯಾಣ ಮಂಟಪ. ಹೆಣ್ಣಿನವರು ಕೂಡ್ಲಿಗಿಯೋರು. ಹಿಂದಿನ ದಿನ ಮಧ್ಯಾಹ್ನನ ಕರಿಸಿದ್ರು. ಮದುಮಗಳಿಗೆ ಎರಡು ಸಲ ಮೇಕಪ್, ಅವರ ತಾಯಿಗೆ ತುರುಬು, ಏಳು ಮಂದಿಗೆ ಸೀರಿ ಉಡಿಸೀನಿ. ನನ್ನ ಕ್ರೀಮು, ಪಿನ್ನು, ಹೂವಿನ ಖರ್ಚು ಮುನ್ನೂರ ಹತ್ತು. ಮದುವಿ ಮುಗಿದ ಮ್ಯಾಲ ಖರ್ಚಿನ ಚೀಲ ಹಿಡ್ಕೊಂಡಿದ್ದ ಯಜಮಾನ್ರ ಮುಂದ ಹೋಗಿ ನಿಂತೆ. ವೀಡಿಯೋದವನಿಗೆ ಮೂರು ಸಾವಿರದ ಐನೂರು ಎಣಿಸಿ ಕೊಟ್ರು. ಬ್ಯಾಂಡಿನವರಿಗೆ ಕೊಟ್ರು. ನನಗ, ನೀನು ಮನಿ ಮಗಳಿದ್ದಂಗ ಅದಿಯವ್ವ, ನಿನಗೇನು ಕೂಲಿ ಅಂತ ಕೊಡಾದು, ಅಂದು ಉಡಿ ತುಂಬಿಸಿ, ಐವತ್ತೊಂದು ರೂಪಾಯಿ ಇಟ್ರು."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನ್ನ ಕೈ ತಾನಾಗಿ ಹೆಗಲ ಮೇಲಿನ ಟವೆಲಿಗೆ ಹೋಯಿತು. ಅದು ಕೂಡ್ಲಿಗಿಯಲ್ಲಿರುವ ನನ್ನ ಅಣ್ಣ ಗುರುಬಸವರಾಜನ ಮಗಳು ಹಂಪಮ್ಮನ ಮದುವೆ. ಬೀಗರ ಊರು ಹಡಗಲಿ. ಪಿಯುಸಿ ಪರೀಕ್ಷೆ ಇದ್ದದ್ದರಿಂದ ಗಂಗಾಂಬಿಕಾ ಆ ಮದುವೆಗೆ ಬಂದಿರಲಿಲ್ಲ. ತಮ್ಮ ಜಂಬಣ್ಣ ಲೆಕ್ಕದಲ್ಲಿ ಗಟ್ಟಿ, ಯಾರಿಗೂ ಮೋಸ ಹೋಗುವುದಿಲ್ಲ ಎಂದು ಖರ್ಚಿನ ಚೀಲವನ್ನು ಅಣ್ಣ ನನ್ನ ಕೈಗೆ ಕೊಟ್ಟಿದ್ದ. ಮದುವೆ ಮುಗಿದ ಮೇಲೆ, ಅಂದುಕೊಂಡಿದ್ದಕ್ಕಿಂತ ಎರಡು ಸಾವಿರ ಉಳಿಸಿದೆ ಎಂದು ಹೇಳಿ ಹೊಗಳಿಸಿಕೊಂಡಿದ್ದೆ.

ಅವಳ ಮುಖ ನನಗೆ ನೆನಪೇ ಇರಲಿಲ್ಲ. ವೀಡಿಯೋದವನ ಮುಖ ಈಗಲೂ ನೆನಪಿದೆ, ಅವನೊಡನೆ ಅರ್ಧ ತಾಸು ಚೌಕಾಶಿ ಮಾಡಿದ್ದೆ.

"ನೀನು ಆವತ್ತ ಕೇಳ್ಬೇಕಿತ್ತು," ಎಂದೆ. ನನ್ನ ಧ್ವನಿ ನನಗೇ ಹಿಡಿಸಲಿಲ್ಲ.

"ಮನಿ ಮಗಳು ಅಂದ್ಬಿಟ್ರಲ್ರಿ. ಮಗಳು ಹೆಂಗ ಕೇಳ್ತಾಳ?"

ಆ ಜಂಪರ್ ಪೀಸುಗಳನ್ನು ಏನು ಮಾಡಿದೆ ಎಂದು ಸುಮ್ಮನೆ ಕೇಳಿದೆ, ಮಾತು ಬದಲಿಸುವುದಕ್ಕೆ. ಫೈನಾನ್ಸಿನವನು ಜಂಪರ್ ಪೀಸು ತೆಗೆದುಕೊಳ್ಳುವುದಿಲ್ಲ, ಹಡಗಲಿಯ ಬಟ್ಟೆ ಅಂಗಡಿಗೆ ವಾಪಸ್ ಮಾರಿದೆ ಎಂದಳು. ಒಂದಕ್ಕೆ ಎಂಟು ರೂಪಾಯಿ. "ನಿಮ್ಮದು ಬಣ್ಣ ಬಿಡ್ತಿತ್ತಂತ, ಆರಕ್ಕ ಹೋತು."

ನಾನು ಎದ್ದೆ. ಕಿಸೆಯಲ್ಲಿ ನಾಲ್ಕುನೂರು ಚಿಲ್ಲರೆ ಇತ್ತು. ಕೊಡಬೇಕೆನಿಸಿತು. ಆದರೆ ಕೊಟ್ಟರೆ ತಪ್ಪು ಒಪ್ಪಿಕೊಂಡಂತಾಗುತ್ತದೆ, ಆಮೇಲೆ ಇನ್ನಷ್ಟು ಕೇಳಿದರೆ ಏನು ಮಾಡುವುದು ಎಂಬ ಹಾಳು ಅನುಮಾನ ಅಲ್ಲೂ ಬಂತು. ಬರ್ತೀನವ್ವ ಎಂದು ಹೇಳಿ ಬಸ್ಸು ಹತ್ತಿದೆ.

ಮನೆಯಲ್ಲಿ ಗಂಗಾಂಬಿಕಾ ರೊಟ್ಟಿ ಬಡಿಯುತ್ತಿದ್ದಳು. ಊಟಕ್ಕೆ ಕೂತು ಎಲ್ಲಾ ಹೇಳಿದೆ. ಗಾದೆಮ್ಮನ ಸಾವಿರ ರೂಪಾಯಿ ಕಮಿಷನ್ನು, ಉಚ್ಚಂಗಿದುರ್ಗದ ಅಟ್ಟದ ಪೆಟ್ಟಿಗೆ, ಲಕ್ಷ್ಮಿದೇವಿಯ ಎಂಟುನೂರು, ಒಂಬೈನೂರರ ಕಂತು, ಹದಿನಾಲ್ಕು ಮದುವೆ. ಹೇಳುತ್ತಾ ಹೇಳುತ್ತಾ ನನಗೆ ಮತ್ತೆ ಹುರುಪು ಬಂತು. ಬುಡದಲ್ಲಿ ಮಣ್ಣಿತ್ತು ನೋಡು ಎಂದೆ. ಹಡಗಲಿ ಮದುವೆಯ ಮಾತನ್ನು ಮಾತ್ರ ನುಂಗಿಕೊಂಡೆ.

ಅವಳು ರೊಟ್ಟಿ ಮಗುಚುತ್ತಾ ಎಲ್ಲಾ ಕೇಳಿಸಿಕೊಂಡಳು.

"ಆ ಹೊಳಲಿನಾಕಿಗೆ ಕೆಲಸ ಬರತೈತೇನು?"

"ಬರತೈತಿ. ಚೊಲೋ ಬರತೈತಿ."

"ಹದಿನಾಕು ಮದುವಿ ಸಿಕ್ಕಾವು. ಕೆಲಸ ಬರತೈತಿ. ಮತ್ತ ರೊಕ್ಕ ಯಾಕ ಬರಲಿಲ್ಲ?"

"ಮಂದಿ ಕೊಡಂಗಿಲ್ಲಂತ."

"ಯಾವ ಮಂದಿ?"

ತೂಕದವನಿಗೆ ಸುಳ್ಳು ಹಿಡಿಯಲು ಬರುತ್ತದೆ, ಹೇಳಲು ಅಷ್ಟಾಗಿ ಬರುವುದಿಲ್ಲ. ಹೇಳಿದೆ. ಹಂಪಮ್ಮನ ಮದುವೆ, ಖರ್ಚಿನ ಚೀಲ, ಐವತ್ತೊಂದು ರೂಪಾಯಿ. ಗಂಗಾಂಬಿಕಾ ಒಲೆ ಸಣ್ಣ ಮಾಡಿ ನನ್ನ ಕಡೆ ತಿರುಗಿದಳು.

"ಈಗರ ಕೊಟ್ಟು ಬಂದಿಯೇನು?"

ನಾನು ರೊಟ್ಟಿ ಮುರಿಯುತ್ತಾ ಕೂತೆ.

"ಕೇಳಿದ್ದೆಲ್ಲಾ ಹೇಳ್ಯಾಳ. ಅದನ್ನೂ ಪುಕ್ಕಟೆ ಕೇಳ್ಕಂಡು ಬಂದಿ," ಎಂದಳು. ಅವಳು ಅಳಲಿಲ್ಲ, ಕೂಗಾಡಲಿಲ್ಲ. ಅಳುತ್ತಿದ್ದರೆ ಸಮಾಧಾನ ಮಾಡಬಹುದಿತ್ತು. "ನಾನು ಸಾಲಕ್ಕ ಹೆದರಿದ್ದಿಲ್ಲಪ್ಪ. ಮೈ ಮುರಿದು ದುಡದ್ರ ಅಮ್ಮನ ಬಂಗಾರ ಬಿಡಿಸ್ಕೊಂತೀನಿ ಅಂತ ಧೈರ್ಯ ಇತ್ತು. ಆದ್ರ ಕಲ್ತ ಮ್ಯಾಲ ನಾ ರೊಕ್ಕ ಕೇಳಾಕ ಹೋಗಬೇಕಾದ್ದು ನಿನ್ನಂಥೋರ ಹತ್ರನ ಅಲ್ಲೇನು?"

ಆ ಕರಪತ್ರವನ್ನು ಮಡಚಿ ರೊಟ್ಟಿ ಬುಟ್ಟಿಯ ಕೆಳಗೆ ಹಾಕಿ ಒಳಗೆ ಹೋದಳು. ನನಗೆ ಮೊದಲು ಸಿಟ್ಟು ಬಂತು. ಅಪ್ಪನಿಗೆ ಹೀಗೆ ಮಾತಾಡುವುದೇ ಎಂದುಕೊಂಡೆ. ಸಿಟ್ಟು ಇಳಿದ ಮೇಲೆ ಬಹಳ ನಾಚಿಕೆಯಾಯಿತು. ಮೂರು ತಾಲ್ಲೂಕು ಸುತ್ತಿ ಯಾರು ಸುಳ್ಳು ಹೇಳುತ್ತಾರೆಂದು ಹುಡುಕಿದೆ. ಮೇಡಂ ಬರೆದು ತೋರಿಸಿದ ಲೆಕ್ಕ ಸುಳ್ಳಾಗಿದ್ದಕ್ಕೆ ಕಾರಣ ಮೇಡಂ ಒಬ್ಬರೇ ಆಗಿರಲಿಲ್ಲ.

ನಾಲ್ಕು ದಿನ ಮನೆಯಲ್ಲಿ ಬೇಕಾದಷ್ಟೇ ಮಾತು. ಐದನೇ ದಿನ ನಾನೇ ಬಾಯಿ ಬಿಟ್ಟೆ. "ಹೊಳಲಿಗೆ ಹೋಗಾಣ ನಡಿ. ಆಕಿ ಕಲಿಸ್ತಾಳೇನು ಕೇಳಾಣ. ಹಡಗಲಿ ಹಂಪಮ್ಮನ ಮನ್ಯಾಗ ಇದ್ಕಂಡು ದಿನಾ ಬಸ್ಸಿಗೆ ಹೋಗಿ ಬರಬಹುದು."

"ಸರ್ಟಿಫಿಕೇಟು?"

"ಸಿಗಂಗಿಲ್ಲ."

ಅವಳು ಬೆರಳು ಮಡಚಿ ಲೆಕ್ಕ ಹಾಕಿದಳು. ಸರ್ಟಿಫಿಕೇಟು ಇಲ್ಲದಿದ್ದರೆ ದಾವಣಗೆರೆಯಂಥ ಊರಿನ ದೊಡ್ಡ ಪಾರ್ಲರಿನಲ್ಲಿ ಕೆಲಸ ಸಿಗುವುದಿಲ್ಲ, ಮುಂದೆ ಬ್ಯಾಂಕಿನವರೂ ಸಾಲ ಕೊಡುವುದಿಲ್ಲ. ಅದೂ ನಷ್ಟವೇ. ಆದರೆ ಬಂಗಾರ ಟ್ರಂಕಿನಲ್ಲೇ ಉಳಿಯುತ್ತದೆ. "ಮೊದಲ ಆಕಿ ರೊಕ್ಕ ಕೊಡ್ಬೇಕು. ಆಮ್ಯಾಲ ಕಲಿಯೋ ಮಾತು," ಎಂದಳು.

ಸಂಘದಲ್ಲಿದ್ದ ನನ್ನ ಉಳಿತಾಯದಿಂದ ಮೂರು ಸಾವಿರದ ಐನೂರು ತೆಗೆದೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಆ ಐವತ್ತೊಂದನ್ನು ಕಳೆದು ಕೊಡಬೇಕೋ ಬೇಡವೋ ಎಂದು ಯೋಚಿಸಿದೆ. ನನ್ನ ಬುದ್ಧಿ ಅಂಥದ್ದು, ಸುಡುಗಾಡಿಗೆ ಹೋದರೂ ಬಿಡುವುದಿಲ್ಲ.

ಲಕ್ಷ್ಮಿದೇವಿ ಯಾರಿಗೋ ತಲೆಗೆ ಎಣ್ಣೆ ಹಚ್ಚುತ್ತಿದ್ದಳು. ಗಿರಾಕಿ ಹೋಗುವ ತನಕ ಕಾದೆವು. ಗಂಗಾಂಬಿಕಾ ಅವಳ ಬೆರಳುಗಳನ್ನೇ ನೋಡುತ್ತಾ ಕೂತಿದ್ದಳು. ಆಮೇಲೆ ನಾನು ಕೇಳಿದೆ.

"ಹಂಪಮ್ಮನ ಮದುವಿಗೆ ನಿನ್ನ ಕೂಲಿ ಎಷ್ಟಾಗ್ತಿತ್ತವ್ವ?"

"ಸಾವಿರದ ಇನ್ನೂರು," ಎಂದಳು, ಒಂದು ಕ್ಷಣವೂ ತಡಮಾಡದೆ. ಎರಡು ವರ್ಷದಿಂದ ನಾಲಿಗೆಯ ತುದಿಯಲ್ಲೇ ಇಟ್ಟುಕೊಂಡಿದ್ದಳೆಂದು ಕಾಣುತ್ತದೆ.

ಸಾವಿರದ ಇನ್ನೂರು ಎಣಿಸಿ ಕೊಟ್ಟೆ. ಅವಳು ತೆಗೆದುಕೊಂಡಳು. ಒಳಗೆ ಹೋಗಿ ಐವತ್ತೊಂದು ರೂಪಾಯಿ ತಂದು ನನ್ನ ಕೈಗಿಟ್ಟಳು. "ಇದು ನೀವು ಆವತ್ತ ಕೊಟ್ಟಿದ್ರಿ." ಉಪಕಾರವಾಯಿತು ಎನ್ನಲಿಲ್ಲ, ಪರವಾಗಿಲ್ಲ ಬಿಡಿ ಎನ್ನಲಿಲ್ಲ. ಅಂದಿದ್ದರೆ ನನಗೆ ಹಗುರವಾಗುತ್ತಿತ್ತು.

ಗಂಗಾಂಬಿಕಾ ಎದ್ದು ನಿಂತು, "ಅಕ್ಕಾ, ನನಗ ಕಲಿಸ್ತಿಯೇನು?" ಎಂದಳು.

ಲಕ್ಷ್ಮಿದೇವಿ ಅವಳ ಕೈ ಹಿಡಿದು ಬೆರಳು ತಿರುಗಿಸಿ ನೋಡಿದಳು. ದಾರ ಎಳೆದು ಎಳೆದು ತೋರುಬೆರಳಿನಲ್ಲಿ ಗೀರು ಬಿದ್ದಿತ್ತು.

"ಕಲಿಸ್ತೀನಿ. ತಿಂಗಳಿಗೆ ಆರುನೂರು. ಮದುವಿಗೆ ಹೋದ್ರ ನನ್ನ ಜೊತಿಗೆ ಬರಬೇಕು, ಅದರಾಗ ನಿನಗೂ ಪಾಲು ಕೊಡ್ತೀನಿ," ಎಂದಳು. ಆಮೇಲೆ ನನ್ನ ಕಡೆ ನೋಡದೆ ಮಗಳಿಗೇ ಹೇಳಿದಳು. "ಆದ್ರ ಮೂರು ತಿಂಗಳದ್ದು ಮೊದಲ ಕೊಡಬೇಕು ತಂಗಿ. ನಿನ್ನ ಮ್ಯಾಲ ಅನುಮಾನ ಇಲ್ಲ. ನಿಮ್ಮಪ್ಪನ್ನ ನಾ ನಂಬಂಗಿಲ್ಲ."

ಗಂಗಾಂಬಿಕಾ ತಲೆ ತಗ್ಗಿಸಿದಳು. ನಾನು ಕಿಸೆಯಿಂದ ಹದಿನೆಂಟು ನೂರು ತೆಗೆದು, ನೂರರ ನೋಟುಗಳನ್ನು ಒಂದೊಂದಾಗಿ ಅವಳ ಮುಂದೆಯೇ ಎಣಿಸಿ ಕೊಟ್ಟೆ. ಲಕ್ಷ್ಮಿದೇವಿ ಅವನ್ನು ತೆಗೆದುಕೊಂಡು, ಬೆರಳಿಗೆ ಉಗುಳು ಹಚ್ಚಿಕೊಂಡು, ಮೊದಲಿನಿಂದ ಇನ್ನೊಮ್ಮೆ ಎಣಿಸಿದಳು.